ಪಕ್ಕದ ಮನೆ ತಾರಸಿಯಲ್ಲಿ ಸರಪಳಿಗೆ ಬಿದ್ದ ನಾಯಿ: ಕಾನೂನಿನಲ್ಲಿ ದಾರಿ ಏನಿದೆ?

ಪ್ರಶ್ನೆ: ನಮ್ಮದು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಪಕ್ಕದ ಮನೆಯವರು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿ ಕೆಲವು ತಿಂಗಳಾಯಿತು, ಮನೆಗೆ ಬೀಗ. ಅವರ ಲ್ಯಾಬ್ರಡಾರ್ ನಾಯಿ ಮಾತ್ರ ಇಲ್ಲೇ ತಾರಸಿಯಲ್ಲಿದೆ. ತಗಡಿನ ಶೀಟಿನ ಕೆಳಗೆ ಹಗಲೂ ರಾತ್ರಿ ಕಟ್ಟಿಹಾಕಿರುತ್ತಾರೆ. ಒಬ್ಬ ಹುಡುಗ ದಿನ ಬಿಟ್ಟು ದಿನ ಬಂದು ಅನ್ನ ಸುರಿದು ಹೋಗುತ್ತಾನೆ. ಪಕ್ಕೆಲುಬು ಎಣಿಸುವ ಹಾಗಿದೆ, ಕುತ್ತಿಗೆಯಲ್ಲಿ ಗಾಯವಾದಂತಿದೆ. ಠಾಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿದೆವು. ‘ಐವತ್ತು ರೂಪಾಯಿ ದಂಡದ ಕೇಸು, ಅಕ್ಕಪಕ್ಕದವರು ನೀವೇ ಮಾತಾಡಿಕೊಳ್ಳಿ’ ಅಂದರು. ಸರಪಳಿ ಕತ್ತರಿಸಿ ನಾಯಿಯನ್ನು ತಂದುಬಿಡಿ ಎಂದು ಗೆಳೆಯರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ಸರಪಳಿ ಕತ್ತರಿಸಬೇಡಿ. ಠಾಣೆಯವರು ಹೇಳಿದ ಐವತ್ತು ರೂಪಾಯಿಯೂ ಸುಳ್ಳಲ್ಲ. ಆದರೆ ನಿಮಗೆ ಬೇಕಿರುವುದು ಮಾಲೀಕರ ಐವತ್ತು ರೂಪಾಯಿ ಅಲ್ಲ, ಆ ನಾಯಿ ಅಲ್ಲಿಂದ ಇಳಿಯುವುದು. ಅದಕ್ಕೆ ಬೇಕಾದ ಅಧಿಕಾರ ದಂಡದ ಕಲಮಿನಲ್ಲಿಲ್ಲ. ಅದೇ ಕಾಯ್ದೆಯಲ್ಲಿ ಮುಂದೆ, 33, 34 ಮತ್ತು 35ನೇ ಕಲಮುಗಳಲ್ಲಿದೆ. ಬಾಯಿಮಾತಿನ ದೂರು ಅಲ್ಲಿಯವರೆಗೆ ತಲುಪುವುದಿಲ್ಲ, ಬರಹದ ದೂರು ತಲುಪುತ್ತದೆ.

ಇಲ್ಲಿ ಅನ್ವಯವಾಗುವುದು ಪ್ರಾಣಿ ಹಿಂಸೆ ತಡೆ ಕಾಯ್ದೆ, 1960. ಪ್ರಾಣಿಯನ್ನು ಇಟ್ಟುಕೊಂಡವರು ಅದರ ಯೋಗಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವು ತಟ್ಟದಂತೆ ಕಾಯಬೇಕು ಎನ್ನುತ್ತದೆ 3ನೇ ಕಲಂ. ಯಾವುದು ಹಿಂಸೆ ಎಂಬ ಪಟ್ಟಿ 11(1)ರಲ್ಲಿದೆ. ಹೊಡೆಯುವುದು, ಬಡಿಯುವುದಷ್ಟೇ ಹಿಂಸೆ ಎಂದುಕೊಂಡವರೇ ಹೆಚ್ಚು. ಆದರೆ ಆ ಪಟ್ಟಿಯ ಒಂದು ದೊಡ್ಡ ಪಾಲು ಏನೂ ಮಾಡದೆ ಕೈಬಿಡುವುದರ ಬಗ್ಗೆಯೇ ಇದೆ. ನಿಮ್ಮ ಪ್ರಕರಣಕ್ಕೆ ಮೂರು ಉಪಕಲಮುಗಳು ನೇರವಾಗಿ ಬರುತ್ತವೆ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕುವುದು 11(1)(ಎಫ್). ಸದಾ ಕಟ್ಟಿಹಾಕಿರುವ ನಾಯಿಯನ್ನು ಓಡಾಡಿಸದೆ ಇರುವುದು 11(1)(ಜಿ). ಇದು ನಾಯಿಗೆಂದೇ ಬರೆದ ಉಪಕಲಂ. ಸಾಕಷ್ಟು ಆಹಾರ, ನೀರು ಅಥವಾ ನೆರಳು ಕೊಡದಿರುವುದು 11(1)(ಎಚ್). ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟುಹೋಗುವುದು 11(1)(ಐ) ಕೂಡ ಇದೆ. ಆದರೆ ಒಬ್ಬ ಹುಡುಗನನ್ನು ಗೊತ್ತು ಮಾಡಿದ್ದೇವೆ ಎಂದು ಮಾಲೀಕರು ಹೇಳಿದರೆ ಅದು ನಿಲ್ಲುವುದು ಕಷ್ಟ. (ಎಚ್) ಅನ್ನೇ ಮುಂದಿಟ್ಟುಕೊಳ್ಳಿ.

‘ನಾವು ಊರಲ್ಲೇ ಇರಲಿಲ್ಲ, ಹುಡುಗ ಸರಿಯಾಗಿ ನೋಡಿಕೊಂಡಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಕಾಯ್ದೆ ಇದನ್ನು ಮೊದಲೇ ಊಹಿಸಿದಂತಿದೆ. ಸರಿಯಾದ ನಿಗಾ ವಹಿಸಿದ್ದರೆ ತಪ್ಪಿಸಬಹುದಾಗಿದ್ದ ಹಿಂಸೆಗೆ ಮಾಲೀಕರೇ ಹೊಣೆ ಎನ್ನುತ್ತದೆ 11(2). ಜೊತೆಗೆ 2ನೇ ಕಲಮಿನ ಪ್ರಕಾರ ‘ಮಾಲೀಕ’ ಎಂದರೆ ಆ ಹೊತ್ತಿಗೆ ಪ್ರಾಣಿ ಯಾರ ವಶದಲ್ಲಿದೆಯೋ ಅವರೂ ಸೇರುತ್ತಾರೆ. ಹಾಗಾಗಿ ಮಾಲೀಕರೂ ತಪ್ಪಿಸಿಕೊಳ್ಳಲಾರರು, ದುಡ್ಡು ಪಡೆದು ನೋಡಿಕೊಳ್ಳುವವನೂ ಕೈತೊಳೆದುಕೊಳ್ಳಲಾರ. ಆ ಹುಡುಗನ ಮೇಲೆ ದೂರು ಕೊಡಿ ಎಂದು ಇದರ ಅರ್ಥವಲ್ಲ. ಅವನು ನಿಮಗೆ ಒಳ್ಳೆಯ ಸಾಕ್ಷಿ.

ಇನ್ನು ದಂಡದ ವಿಷಯ. 11ನೇ ಕಲಮಿನ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಅದೇ ಅಪರಾಧ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರಲ್ಲಿ ಐವತ್ತು ರೂಪಾಯಿಗೆ ತೂಕವಿತ್ತು, ಈಗ ಅದರಲ್ಲಿ ಎರಡು ಮಸಾಲೆದೋಸೆಯೂ ಬರುವುದಿಲ್ಲ. ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಶಿಕ್ಷೆ ಹೆಚ್ಚಿಸಬೇಕು ಎಂದಿತ್ತು. 2022ರ ಕೊನೆಯಲ್ಲಿ ಕೇಂದ್ರ ಸರ್ಕಾರ ಒಂದು ತಿದ್ದುಪಡಿ ಕರಡನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಿತು, ಅದು ಕಾಯ್ದೆಯಾಗಲಿಲ್ಲ. ಆ ತೀರ್ಪಿನಲ್ಲಿ ನಮಗೆ ಈಗಲೂ ಕೆಲಸಕ್ಕೆ ಬರುವ ಭಾಗ ಬೇರೆ ಇದೆ. 3 ಮತ್ತು 11ನೇ ಕಲಮುಗಳನ್ನು ‘ಐದು ಸ್ವಾತಂತ್ರ್ಯ’ಗಳ ಜೊತೆಗಿಟ್ಟು ಓದಬೇಕು ಎಂದು ಕೋರ್ಟು ಹೇಳಿತು: ಹಸಿವು ಬಾಯಾರಿಕೆ ಇಲ್ಲದಿರುವುದು, ಭಯ ಸಂಕಟ ಇಲ್ಲದಿರುವುದು, ಬಿಸಿಲು ಚಳಿಯ ಹಿಂಸೆ ಇಲ್ಲದಿರುವುದು, ನೋವು ಗಾಯ ಕಾಯಿಲೆ ಇಲ್ಲದಿರುವುದು, ತನ್ನ ಜಾತಿಗೆ ಸಹಜವಾದಂತೆ ನಡೆದುಕೊಳ್ಳಲು ಆಗುವುದು. ಕಂಬಳಕ್ಕೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದದ್ದು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದದ್ದು ಬೇರೆ ಮಾತು. ತಾರಸಿಯ ನಾಯಿಗೆ ಅದರಿಂದ ಏನೂ ಬದಲಾಗಲಿಲ್ಲ.

ದಂಡ ಕಡಿಮೆಯಾಗಿರುವುದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಈ ಕಾಯ್ದೆಯಲ್ಲಿ ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯಬಹುದಾದ ಅಪರಾಧಗಳು ಕೆಲವೇ: ಕ್ರೂರವಾಗಿ ಕೊಲ್ಲುವುದು ಅಥವಾ ಅಂಗ ಕತ್ತರಿಸುವುದು, ಪ್ರಾಣಿ ಕಾಳಗ, ಗುಂಡು ಹೊಡೆಯುವ ಸ್ಪರ್ಧೆ, ಹಾಲಿಗಾಗಿ ಹಸುವಿಗೆ ಫೂಕಾ ಮಾಡುವುದು (ಜನನಾಂಗದೊಳಗೆ ಗಾಳಿ ಊದುವುದು). ಉಪವಾಸ ಕೆಡವುವುದು ಆ ಗುಂಪಿನಲ್ಲಿಲ್ಲ, ಅದು ಅಸಂಜ್ಞೇಯ ಅಪರಾಧ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 174ನೇ ಕಲಮಿನ ಪ್ರಕಾರ ಠಾಣೆಯವರು ಅದನ್ನು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಎಂದು ದಾಖಲಿಸಿ ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿ ಕಳಿಸಬೇಕು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಅನುಮತಿ ಸರಿಯಾಗಿ ಪಡೆಯದೆ ತನಿಖೆ ನಡೆಸಿದ ಅಸಂಜ್ಞೇಯ ಪ್ರಕರಣಗಳನ್ನು ಕರ್ನಾಟಕ ಹೈಕೋರ್ಟ್ ರದ್ದು ಮಾಡಿದ ಉದಾಹರಣೆಗಳು ಸಾಕಷ್ಟಿವೆ. ಹಾಗಾಗಿ ‘ಎಫ್‌ಐಆರ್ ಹಾಕಲೇಬೇಕು’ ಎಂದು ಠಾಣೆಯಲ್ಲಿ ಜಗಳ ತೆಗೆದರೆ ಕಾನೂನಿನ ಬಲ ಅವರ ಕಡೆಗೇ ಇರುತ್ತದೆ.

ನೀವು ಕೇಳಬೇಕಾದ್ದು ಎಫ್‌ಐಆರ್ ಅಲ್ಲ, 34ನೇ ಕಲಮಿನ ಅಧಿಕಾರ ಬಳಸಿ ಎಂದು. ಈ ಕಾಯ್ದೆಯ ಯಾವುದೇ ಅಪರಾಧ ನಡೆದಿದೆ ಅಥವಾ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ, ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಪ್ರಾಣಿಯನ್ನು ವಶಕ್ಕೆ ಪಡೆದು ಮ್ಯಾಜಿಸ್ಟ್ರೇಟ್ ಇಲ್ಲವೇ ಪಶು ವೈದ್ಯಾಧಿಕಾರಿಯ ಮುಂದೆ ಪರೀಕ್ಷೆಗೆ ಹಾಜರುಪಡಿಸಬಹುದು ಎನ್ನುತ್ತದೆ ಅದು. ಇಲ್ಲಿ ಸಂಜ್ಞೇಯ, ಅಸಂಜ್ಞೇಯ ಎಂಬ ಭೇದ ಇಲ್ಲ. ಒಬ್ಬ ಎಎಸ್‌ಐ ಸಾಕು. ನಿಮ್ಮಲ್ಲಿ ಮನೆಗೆ ಬೀಗ ಇರುವುದರಿಂದ ತಾರಸಿಗೆ ಹೋಗುವುದೇ ಪ್ರಶ್ನೆಯಾಗುತ್ತದೆ. ಅದಕ್ಕೆ 33ನೇ ಕಲಂ ಇದೆ: ಬರಹದಲ್ಲಿ ಮಾಹಿತಿ ಕೊಟ್ಟರೆ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಎಸ್‌ಪಿ ಶೋಧನಾ ವಾರಂಟ್ ಕೊಟ್ಟು ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದವರನ್ನು ಒಳಗೆ ಕಳಿಸಬಹುದು. ಎಸ್‌ಪಿ ಕಚೇರಿ ನಿಮ್ಮ ಊರಲ್ಲೇ ಇದೆ, ಬಳಸಿಕೊಳ್ಳಿ.

ವಶಕ್ಕೆ ಪಡೆದ ಮೇಲೆ 35ನೇ ಕಲಂ. ಚಿಕಿತ್ಸೆ ಮುಗಿದು, ಬಿಡಬಹುದು ಎಂದು ಪಶುವೈದ್ಯರು ಪ್ರಮಾಣಪತ್ರ ಕೊಡುವವರೆಗೆ ನಾಯಿಯನ್ನು ಆರೈಕೆ ಕೇಂದ್ರದಲ್ಲಿ ಇಡುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು. ಸಾಗಣೆ, ಊಟ, ಔಷಧದ ಖರ್ಚು ಮಾಲೀಕರದ್ದು. ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಲು ಅವಕಾಶವಿದೆ. 2017ರಲ್ಲಿ ಬಂದ, ಕೇಸಿನಲ್ಲಿ ಜಪ್ತಿಯಾದ ಪ್ರಾಣಿಗಳ ಪಾಲನೆಯ ನಿಯಮಗಳು ಇದನ್ನು ಇನ್ನೂ ಬಿಗಿ ಮಾಡಿದವು: ಕೇಸು ಮುಗಿಯುವವರೆಗೆ ಪ್ರಾಣಿಯನ್ನು ಪ್ರಾಣಿ ದಯಾ ಸಂಘದಂಥ ಸಂಸ್ಥೆಗೆ ಒಪ್ಪಿಸಬಹುದು, ಖರ್ಚಿಗೆ ತಕ್ಕ ಮುಚ್ಚಳಿಕೆಯನ್ನು ಜಾಮೀನಿನೊಂದಿಗೆ ಮಾಲೀಕರಿಂದ ಬರೆಸಿಕೊಳ್ಳಬೇಕು, ಬರೆದುಕೊಡದಿದ್ದರೆ ಪ್ರಾಣಿಯ ಮೇಲಿನ ಹಕ್ಕೇ ಹೋಗುತ್ತದೆ. ಐವತ್ತು ರೂಪಾಯಿ ದಂಡಕ್ಕೆ ನಗುವ ಮಾಲೀಕರು ತಿಂಗಳುಗಟ್ಟಲೆ ಬೋರ್ಡಿಂಗ್ ಖರ್ಚು ಎಂದಾಗ ದಾರಿಗೆ ಬರುತ್ತಾರೆ. ಅಪರಾಧ ಸಾಬೀತಾದರೆ 29ನೇ ಕಲಮಿನ ಪ್ರಕಾರ ನಾಯಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಮುಂದೆ ಪ್ರಾಣಿ ಸಾಕದಂತೆ ನಿರ್ಬಂಧವನ್ನೂ ಹೇರಬಹುದು. ಆದರೆ ವಾಪಸು ಕೊಟ್ಟರೆ ಮತ್ತೆ ಹಿಂಸೆಯಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ಬೇಕು.

ಇಷ್ಟಕ್ಕೆಲ್ಲ ಆಧಾರ ನಿಮ್ಮ ಪುರಾವೆ, ಅದರಲ್ಲೂ ಪಶುವೈದ್ಯರ ವರದಿ. ‘ಸಾಕಷ್ಟು ಆಹಾರ’, ‘ಗಿಡ್ಡ ಸರಪಳಿ’ ಎಂದು ಕಾಯ್ದೆ ಹೇಳುತ್ತದೆಯೇ ಹೊರತು ಎಷ್ಟು ಗ್ರಾಂ, ಎಷ್ಟು ಅಡಿ ಎಂದು ಹೇಳುವುದಿಲ್ಲ. ಅಳತೆ ನೀವು ಕೊಡಬೇಕು. ನಿಮ್ಮ ತಾರಸಿಯ ಒಂದೇ ಜಾಗದಲ್ಲಿ ನಿಂತು, ಒಂದು ವಾರ, ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಫೋಟೊ ತೆಗೆಯಿರಿ. ಚೌಕಟ್ಟಿನಲ್ಲಿ ನಾಯಿ, ಸರಪಳಿಯ ಕೊಕ್ಕೆ, ನೀರಿನ ಪಾತ್ರೆ ಮೂರೂ ಬರಲಿ. ಪಾತ್ರೆಯನ್ನು ಝೂಮ್ ಮಾಡಿ ತೆಗೆದ ಒಂದು ಫೋಟೊ ಬೇಕೇ ಬೇಕು: ತಳದಲ್ಲಿ ಪಾಚಿ ಕಟ್ಟಿದೆಯೇ, ಒಣಗಿದೆಯೇ, ಮಗುಚಿ ಬಿದ್ದಿದೆಯೇ. ಮಧ್ಯಾಹ್ನದ ಫೋಟೊದಲ್ಲಿ ಶೀಟಿನ ನೆರಳು ಎಲ್ಲಿ ಬಿದ್ದಿದೆ, ಸರಪಳಿ ಅಲ್ಲಿಯವರೆಗೆ ಎಟಕುತ್ತದೆಯೇ ಎಂಬುದು ಕಾಣಬೇಕು. ಶೀಟಿದೆ, ಆದರೆ ಸರಪಳಿ ನೆರಳಿಗೆ ಎಟಕುವುದಿಲ್ಲ ಎಂದರೆ ಅದು ಇದ್ದೂ ಇಲ್ಲದಂತೆ. ಸರಪಳಿಯ ಉದ್ದವನ್ನು ನಾಯಿಯ ಮೈಉದ್ದಕ್ಕೆ ಹೋಲಿಸಿ ಬರೆಯಿರಿ. ಮಲ ಎಷ್ಟು ದಿನದಿಂದ ಬಿದ್ದಿದೆ, ನಾಯಿ ಅದರ ಮೇಲೇ ಮಲಗುತ್ತಿದೆಯೇ, ಹುಡುಗ ಯಾವ ದಿನ ಎಷ್ಟು ಗಂಟೆಗೆ ಬಂದ, ಯಾವ ದಿನ ಬರಲಿಲ್ಲ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಗುರುತು ಮಾಡಿ.

ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಮೂಲ ಫೈಲ್ ಅಳಿಸಿಬಿಡುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ಹಾಗೆ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯ, ಸಾಧನದ ವಿವರ ಉಳಿಯುವುದಿಲ್ಲ. ಮೂಲ ಫೋನಿನಲ್ಲೇ ಇರಲಿ, ಒಂದು ಪ್ರತಿ ಪೆನ್‌ಡ್ರೈವ್‌ಗೆ ನೇರವಾಗಿ ಹಾಕಿಸಿ. ಕೋರ್ಟಿಗೆ ಹೋದಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಕ್ಯಾಮೆರಾ ನಾಯಿಯ ಮೇಲಿರಲಿ, ಅವರ ಕಿಟಕಿಯೊಳಗೆ ಹೋಗದಿರಲಿ. ಮಾಲೀಕರ ಹೆಸರು, ಮುಖ ಹಾಕಿ ಫೇಸ್‌ಬುಕ್ಕಿಗೆ ಏರಿಸಿದರೆ ಮಾನನಷ್ಟದ ನೋಟಿಸು ನಿಮಗೇ ಬರಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ನಾಯಿಯನ್ನು ರಾತ್ರೋರಾತ್ರಿ ಬೇರೆಡೆ ಸಾಗಿಸಿಬಿಡುತ್ತಾರೆ, ಆಗ ಪರೀಕ್ಷೆ ಮಾಡಲು ಪ್ರಾಣಿಯೇ ಇರುವುದಿಲ್ಲ.

ಪಶುವೈದ್ಯರ ವರದಿಯಲ್ಲಿ ‘ನಾಯಿ ಬಡಕಲಾಗಿದೆ’ ಎಂದಷ್ಟೇ ಇದ್ದರೆ ಎದುರು ವಕೀಲರು ಎರಡು ನಿಮಿಷದಲ್ಲಿ ಬೀಳಿಸುತ್ತಾರೆ. ತೂಕ ಕಿಲೋದಲ್ಲಿ ಇರಬೇಕು. ಮೈಕಟ್ಟಿನ ಅಂಕ 9ರಲ್ಲಿ ಎಷ್ಟು ಎಂದು ಬರೆದಿರಬೇಕು. 4–5 ಆರೋಗ್ಯಕರ, 1 ಅಥವಾ 2 ಎಂದರೆ ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ ದೂರದಿಂದಲೇ ಕಾಣುತ್ತವೆ. ಲ್ಯಾಬ್ರಡಾರ್ ಮೈ ತುಂಬುವ ತಳಿ, ಅದರ ಪಕ್ಕೆಲುಬು ಕೈಗೆ ಸಿಗಬೇಕೇ ಹೊರತು ಕಣ್ಣಿಗೆ ಕಾಣಬಾರದು. ನೀರಿನ ಕೊರತೆ ನೋಡಲು ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಡುತ್ತಾರೆ, ಅದು ಒಡನೆ ಕೂರಬೇಕು. ತೀರಾ ಬಡಕಲಾದ ಪ್ರಾಣಿಯಲ್ಲಿ ಚರ್ಮದ ಬಿಗಿಯೇ ಹೋಗಿರುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಒಸಡು ಒಣಗಿ ಅಂಟುತ್ತಿದೆಯೇ, ಕಣ್ಣು ಗುಳಿಬಿದ್ದಿವೆಯೇ ಎಂಬುದೂ ಸೇರಲಿ. ಕೊರಳಪಟ್ಟಿಯನ್ನು ಬಿಚ್ಚಿಸಿ ನೋಡಲೇಬೇಕು. ಮರಿಯಿದ್ದಾಗ ಹಾಕಿದ ಪಟ್ಟಿ ಸಡಿಲಿಸದೆ ಬಿಟ್ಟರೆ ಚರ್ಮದೊಳಗೆ ಇಳಿದು, ಮೇಲೆ ಕೂದಲು ಮುಚ್ಚಿಕೊಂಡು, ಹೊರಗಿನಿಂದ ಒಂದು ಗೆರೆಯಂತಷ್ಟೇ ಕಾಣುತ್ತದೆ. ಮೊದಲು ಗೊತ್ತಾಗುವುದು ವಾಸನೆ ಮತ್ತು ನೊಣದಿಂದ. ಗಾಯದ ಸುತ್ತಳತೆ, ಆಳ, ಹುಳ ಬಿದ್ದಿದೆಯೇ, ಎಷ್ಟು ದಿನದ ಗಾಯವಿರಬಹುದು ಎಂಬ ಅಭಿಪ್ರಾಯ, ಬೆಳೆದ ಉಗುರು, ಗಟ್ಟಿನೆಲದ ಮೇಲೆ ಮಲಗಿ ಮೊಣಕೈಯಲ್ಲಾದ ಹುಣ್ಣು, ಎಲ್ಲಕ್ಕೂ ಸ್ಕೇಲ್ ಇಟ್ಟು ತೆಗೆದ ಫೋಟೊ. ಖಾಸಗಿ ವೈದ್ಯರ ವರದಿ ಇದ್ದರೂ ಆ ವ್ಯಾಪ್ತಿಯ ಸರ್ಕಾರಿ ಪಶು ವೈದ್ಯಾಧಿಕಾರಿಯ ಸಹಿ ಇರುವುದು ಬೇಕು. 2017ರ ನಿಯಮಗಳು ಕೇಳುವುದೂ ಅವರನ್ನೇ.

ದೂರು ಒಂದೇ ಪುಟದಲ್ಲಿರಲಿ, ಹೀಗೆ:

‘ಇಂಥ ವಿಳಾಸದ ಮನೆಯ ತಾರಸಿಯಲ್ಲಿ, ಇಂಥ ಬಣ್ಣದ, ಗಂಡು/ಹೆಣ್ಣು ಲ್ಯಾಬ್ರಡಾರ್ ನಾಯಿಯನ್ನು ಸುಮಾರು ಇಷ್ಟು ಅಡಿ ಸರಪಳಿಯಲ್ಲಿ ಹಗಲಿರುಳು ಕಟ್ಟಿಹಾಕಲಾಗಿದೆ. ಈ ದಿನಾಂಕಗಳಂದು ಇಷ್ಟು ಗಂಟೆಗಳ ಕಾಲ ನೀರು, ಆಹಾರ ಇರಲಿಲ್ಲ (ಫೋಟೊ ಲಗತ್ತಿಸಿದೆ). ಕುತ್ತಿಗೆಯಲ್ಲಿ ಗಾಯ ಕಾಣುತ್ತಿದೆ. ಕೊನೆಯದಾಗಿ ನೋಡಿದ್ದು ಈ ದಿನ, ಈ ಹೊತ್ತಿಗೆ. ಇದು ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಕಲಂ 11(1)(ಎಫ್), (ಜಿ), (ಎಚ್) ಅಡಿ ಅಪರಾಧ. ಕಲಂ 34ರ ಅಡಿ ನಾಯಿಯನ್ನು ವಶಕ್ಕೆ ಪಡೆದು ಪಶು ವೈದ್ಯಾಧಿಕಾರಿಯಿಂದ ಪರೀಕ್ಷೆ ಮಾಡಿಸಲು, ಮನೆಗೆ ಬೀಗ ಇರುವುದರಿಂದ ಕಲಂ 33ರ ಅಡಿ ವಾರಂಟ್ ಪಡೆಯಲು, ಸ್ಥಳ ಮಹಜರು ನಡೆಸಲು ಕೋರುತ್ತೇನೆ.’

‘ಚಿತ್ರಹಿಂಸೆ’, ‘ರಾಕ್ಷಸರು’ ಮುಂತಾದ ಮಾತು ಬೇಡ. ಒಂದು ಪ್ರತಿ ಠಾಣೆಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇನ್ನೊಂದು ಎಸ್‌ಪಿ ಕಚೇರಿಗೆ. ಮೂರನೆಯದು ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೂ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ. ಪ್ರತಿ ಜಿಲ್ಲೆಯಲ್ಲೂ ಈ ಸಂಘ ಇರಬೇಕೆಂದು 2001ರ ನಿಯಮಗಳು ಹೇಳುತ್ತವೆ, ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಕೆಲವು ಜಿಲ್ಲೆಗಳಲ್ಲಿ ಸಂಘ ಕಾಗದದ ಮೇಲಷ್ಟೇ ಇದೆ. ಆದರೂ ಜಿಲ್ಲಾಧಿಕಾರಿ ಕಚೇರಿಯ ಟಪಾಲಿನಲ್ಲಿ ನಿಮ್ಮ ಪತ್ರಕ್ಕೊಂದು ನಂಬರು ಬಿದ್ದರೆ ಕೆಳಗಿನವರು ಮೀನಮೇಷ ಎಣಿಸುವುದು ಕಡಿಮೆಯಾಗುತ್ತದೆ.

ಠಾಣೆ ಅಲುಗಾಡದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಹಾಕಬಹುದು. ಇಲ್ಲಿ ಎರಡು ಮಾತು ನೆನಪಿರಲಿ. 36ನೇ ಕಲಮಿನ ಪ್ರಕಾರ ಅಪರಾಧ ನಡೆದ ದಿನದಿಂದ ಮೂರು ತಿಂಗಳಾದ ಮೇಲೆ ಕೇಸು ಹೂಡುವಂತಿಲ್ಲ. ‘ಕೊನೆಯದಾಗಿ ನೋಡಿದ್ದು’ ಎಂಬ ಸಾಲನ್ನು ದೂರಿನಲ್ಲಿ ಬರೆಸಿದ್ದು ಅದಕ್ಕೇ. ಎರಡನೆಯದು, ಬಿಎನ್‌ಎಸ್‌ಎಸ್ 223ರ ಪ್ರಕಾರ ಈಗ ಮ್ಯಾಜಿಸ್ಟ್ರೇಟ್ ಖಾಸಗಿ ದೂರನ್ನು ವಿಚಾರಣೆಗೆ ಅಂಗೀಕರಿಸುವ ಮೊದಲೇ ಆರೋಪಿಯ ಮಾತು ಕೇಳಬೇಕು. ಮಾಲೀಕರಿಗೆ ನೋಟಿಸು ಹೋದ ಮೇಲೆ ನಾಯಿ ಅದೇ ಸ್ಥಿತಿಯಲ್ಲಿ ಅಲ್ಲೇ ಇರುತ್ತದೆಂದು ನಂಬಬೇಡಿ. ವಶಪಡಿಕೆ, ವೈದ್ಯ ವರದಿ ಮುಂಚೆ ಆಗಲಿ, ಖಾಸಗಿ ದೂರು ಆಮೇಲೆ.

ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 325 ಹಾಕಿಸಿ ಎಂದು ಯಾರಾದರೂ ಹೇಳಿರಬಹುದು. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಊನಗೊಳಿಸುವುದಕ್ಕೆ ಐದು ವರ್ಷದವರೆಗೆ ಜೈಲು ಇರುವ ಸಂಜ್ಞೇಯ ಕಲಂ ಅದು. 2024ರ ಜುಲೈ 1ರಿಂದ ಹಳೆಯ ಐಪಿಸಿ 428 ಮತ್ತು 429ರ ಜಾಗಕ್ಕೆ ಬಂದಿದೆ, ಪ್ರಾಣಿಗೆ ಹತ್ತು ರೂಪಾಯಿ ಐವತ್ತು ರೂಪಾಯಿ ಎಂದು ಬೆಲೆ ಕಟ್ಟುವ ಹಳೆಯ ಪದ್ಧತಿ ಹೋಗಿದೆ. ಬೀದಿನಾಯಿಗೆ ವಿಷ ಹಾಕಿದರೆ, ಕಾಲು ಮುರಿದರೆ ಇದೇ ಸರಿಯಾದ ಕಲಂ. ಸಂಜ್ಞೇಯ ಅಪರಾಧವೊಂದು ಜೊತೆಗಿದ್ದರೆ ಇಡೀ ಪ್ರಕರಣ ಸಂಜ್ಞೇಯ ಎನಿಸಿಕೊಳ್ಳುವ ಅನುಕೂಲವೂ ಇದೆ. ಆದರೆ ಈ ಕಲಂ ನಿಂತಿರುವುದು ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶ ಅಥವಾ ಅರಿವಿನ ಮೇಲೆ. ತನ್ನದೇ ನಾಯಿಯನ್ನು ಉಪವಾಸ ಕೆಡವಿದವರಿಗೆ ಅದನ್ನು ಅಂಟಿಸುವುದು ಕಷ್ಟ. ಬಲವಂತವಾಗಿ ಸೇರಿಸಿದರೆ ಅದರ ಜೊತೆಗೆ ಉಳಿದದ್ದೂ ಬಿದ್ದುಹೋಗುವ ಅಪಾಯವಿದೆ.

ಸರಪಳಿ ಏಕೆ ಕತ್ತರಿಸಬಾರದು? ಕಾನೂನಿನ ಕಣ್ಣಿಗೆ ನಾಯಿ ಮಾಲೀಕರ ಸ್ವತ್ತು. ಬೀಗ ಹಾಕಿದ ಮನೆಯ ತಾರಸಿಗೆ ಹತ್ತಿ ಅದನ್ನು ತಂದರೆ ಗೃಹ ಅತಿಕ್ರಮ ಪ್ರವೇಶ (ಬಿಎನ್‌ಎಸ್ 329) ಮತ್ತು ಕಳ್ಳತನ (ಬಿಎನ್‌ಎಸ್ 303) ಎಂದು ಅವರು ದೂರು ಕೊಡಬಹುದು. ವಿಪರ್ಯಾಸವೆಂದರೆ ಕಳ್ಳತನಕ್ಕೆ ಮೂರು ವರ್ಷದವರೆಗೆ ಜೈಲಿದೆ, ಉಪವಾಸ ಕೆಡವಿದ್ದಕ್ಕೆ ಐವತ್ತು ರೂಪಾಯಿ. ಹೆಚ್ಚಿನ ಹಾನಿ ತಪ್ಪಿಸಲು ಮಾಡಿದೆ ಎಂಬ ಸಮರ್ಥನೆ ಬಿಎನ್‌ಎಸ್ 19ರಲ್ಲಿದೆ ನಿಜ, ಆದರೆ ಅದನ್ನು ಹೇಳುವುದು ಕೇಸಾದ ಮೇಲೆ, ಕಟಕಟೆಯಲ್ಲಿ ನಿಂತು. ನಾಯಿ ಬಿದ್ದು ಏಳುತ್ತಿಲ್ಲ, ಜೋರಾಗಿ ಏದುಸಿರು ಬಿಡುತ್ತಿದೆ ಎಂದಾದರೆ 112ಕ್ಕೆ ಕರೆ ಮಾಡಿ, ಗಸ್ತಿನವರ ಎದುರಿಗೇ, ವಿಡಿಯೊ ಮಾಡುತ್ತ ಮುಂದುವರಿಯಿರಿ. ಕರೆಯ ದಾಖಲೆಯೇ ನಿಮಗೆ ರಕ್ಷಣೆ.

ಇದೆಲ್ಲಕ್ಕೂ ಮೊದಲು ಮಾಲೀಕರಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ, ಸಿಟ್ಟಿಲ್ಲದೆ: ಕುತ್ತಿಗೆಯಲ್ಲಿ ಗಾಯವಾಗಿದೆ, ನೀರಿಲ್ಲ, ಏನು ಮಾಡೋಣ ಹೇಳಿ. ಒಪ್ಪಿಕೊಂಡರೆ ಕೆಲಸ ಅಲ್ಲಿಗೇ ಮುಗಿಯಬಹುದು. ಸುಮ್ಮನಿದ್ದರೆ, ಗೊತ್ತಿದ್ದೂ ಬಿಟ್ಟರು ಎಂಬುದಕ್ಕೆ ಅದೇ ದಾಖಲೆ. ನಾಯಿ ಬೇಡವಾಗಿದ್ದರೂ ಹೇಳಲು ಸಂಕೋಚಪಡುವ ಮಾಲೀಕರು ನೀವೆಣಿಸುವುದಕ್ಕಿಂತ ಹೆಚ್ಚು. ಅಂಥವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ: ನಾಯಿಯ ವಿವರ, ಪಾಲಿಕೆಯ ಪರವಾನಗಿ ಇದ್ದರೆ ಅದರ ಸಂಖ್ಯೆ, ಲಸಿಕೆ ಪುಸ್ತಕ, ‘ಸ್ವಇಚ್ಛೆಯಿಂದ ಎಲ್ಲ ಹಕ್ಕು ಬಿಟ್ಟು ಇಂಥವರಿಗೆ ಒಪ್ಪಿಸಿದ್ದೇನೆ’ ಎಂಬ ಸಾಲು, ದಿನಾಂಕ, ಸಹಿ, ಇಬ್ಬರು ಸಾಕ್ಷಿ. ಈ ಒಂದು ಹಾಳೆ ಇಲ್ಲದೆ ಬಾಯಿಮಾತಿಗೆ ನಾಯಿ ಪಡೆದವರ ಮೇಲೆ ಆರು ತಿಂಗಳ ನಂತರ ಕಳ್ಳತನದ ಮಾತು ಎದ್ದದ್ದುಂಟು.

ಅಲ್ಲಿಯವರೆಗೆ ನಿಮ್ಮ ಗೋಡೆಯ ಕಡೆಯಿಂದಲೇ ನೀರು ಎಟಕಿಸಲು ಆಗುತ್ತದೆಯೇ ನೋಡಿ. ನಾಯಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50–60 ಮಿಲಿ ನೀರು ಬೇಕು, 20 ಕಿಲೋದ ನಾಯಿಗೆ ಒಂದು ಲೀಟರಿನ ಮೇಲೆ. ಬೇಸಿಗೆಯಲ್ಲಿ ತಗಡಿನ ಕೆಳಗೆ ಇನ್ನೂ ಹೆಚ್ಚು. ನೀರಿಟ್ಟ ದಿನಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಇಲ್ಲದಿದ್ದರೆ ತುಂಬಿದ ಪಾತ್ರೆಯ ಫೋಟೊ ಮಾಲೀಕರ ಪರವಾದ ಸಾಕ್ಷಿಯಾಗುತ್ತದೆ. ನಾಯಿ ಕೈಗೆ ಬಂದ ದಿನ ತಟ್ಟೆ ತುಂಬ ಕೋಳಿ, ಅನ್ನ ಹಾಕಲು ಹೋಗಬೇಡಿ. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲುವ ಅಪಾಯವಿದೆ. ಮೊದಲ ದಿನ ಅಗತ್ಯದ ಕಾಲುಭಾಗದಷ್ಟನ್ನೇ ನಾಲ್ಕೈದು ಸಲಕ್ಕೆ ಹಂಚಿ, ನಂತರ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸುವುದು ಪಶುವೈದ್ಯರ ಕ್ರಮ. ಆ ಪ್ರಮಾಣವನ್ನು ಅವರಿಂದಲೇ ಬರೆಸಿಕೊಳ್ಳಿ, ಆ ಚೀಟಿಯೂ ಕಡತಕ್ಕೆ ಸೇರಲಿ.